ತಡೀತಲ್ಲ ಮಾರಾಯ, ಇನ್ನೆಂತ?

ಮಂಗಳವಾರ ರಾತ್ರಿ ಹನ್ನೊಂದು ದಾಟಿತ್ತು. ತೀರ್ಥಹಳ್ಳಿ ಕಡೆ ಮಳೆ ಜೋರಾದ್ರೆ ನಮಗೆ ವಿಡಿಯೋ ಜಾಸ್ತಿ ಬರುತ್ತೆ, ಕೊಳೆ ಹಿಡಿದ ಅಡಿಕೆ ಗೊನೆನ ಬೆಳೆಗಾರರು ಮೊಬೈಲಲ್ಲಿ ತೆಗೆದು ಕಳಿಸ್ತಾರೆ, ಸರ್ವರಲ್ಲಿರೋ ವಿಡಿಯೋ ಪ್ರೋಗ್ರಾಮ್ ಎಫ್‌ಎಫ್‌ಎಂಪೆಗ್ ಅದರಿಂದ ಒಂದು ಸಣ್ಣ ಚಿತ್ರ ತೆಗೆದಿಡುತ್ತೆ, ಅಷ್ಟೇ ಅದರ ಕೆಲಸ. ಲಾಗ್ ನೋಡ್ತಾ ಇದ್ದವನಿಗೆ ಒಂದು ಸಾಲು ಸಿಕ್ತು, ಪ್ರೋಟೋಕಾಲ್ ಎಚ್‌ಟಿಟಿಪಿ ನಾಟ್ ಆನ್ ವೈಟ್‌ಲಿಸ್ಟ್. ಅಂದ್ರೆ ಆ ಫೈಲ್ ಇಂಟರ್ನೆಟ್ಟಿಗೆ ಹೋಗೋಕೆ ನೋಡಿತ್ತು, ಒಪ್ಪಿಗೆ ಪಟ್ಟಿಯಲ್ಲಿ ಅದಿಲ್ಲ ಅಂತ ಪ್ರೋಗ್ರಾಮ್ ತಡೆದಿತ್ತು. ಫೈಲ್ ತೆಗೆದ್ರೆ ವಿಡಿಯೋನೇ ಅಲ್ಲ, ನಾಕು ಸಾಲು ಟೆಕ್ಸ್ಟ್, ಒಂದು ಎಚ್‌ಎಲ್‌ಎಸ್ ಪ್ಲೇಲಿಸ್ಟ್, ಅಂದ್ರೆ ವಿಡಿಯೋ ತುಂಡುಗಳು ಎಲ್ಲಿವೆ ಅಂತ ಹೇಳೋ ಪಟ್ಟಿ, ಒಳಗೆ ಯಾವುದೋ ಹೊರಗಿನ ಅಡ್ರೆಸ್. ಕೈ ತಣ್ಣಗಾಯ್ತು.

ಬೆಳಿಗ್ಗೆ ಶಿವಮೊಗ್ಗದ ದುರ್ಗಿಗುಡಿ ಆಫೀಸಲ್ಲಿ ನಮ್ಮ ಸೀನಿಯರ್‌ಗೆ ತೋರಿಸ್ದೆ. ಕನ್ನಡಕ ಹಣೆಗೇರಿಸಿ ಹೇಳಿದ್ರು, "ತಡೀತಲ್ಲ ಮಾರಾಯ, ಇನ್ನೆಂತ?"

"ತಡೀತು ಸರ್, ಆದ್ರೆ ಗೊನೆ ಫೋಟೋ ತೆಗೆಯೋ ಪ್ರೋಗ್ರಾಮಿಗೆ ಇಂಟರ್ನೆಟ್ ಯಾಕೆ ಬೇಕು?"

"ಪ್ಯಾಕೇಜಲ್ಲೇ ಹಂಗೆ ಬರುತ್ತೆ."

ಆ ಮಾತು ಎರಡು ದಿನ ತಲೇಲಿ ಕೂತ್ಬಿಡ್ತು. ಪ್ಯಾಕೇಜಲ್ಲೇ ಹಂಗೆ ಬರುತ್ತೆ. ಅವರು ಒಳ್ಳೆ ಮನುಷ್ಯ, ನನಗೆ ಲಿನಕ್ಸ್ ಕಲಿಸಿದ್ದೇ ಅವರು, ಆದ್ರೆ ಈ ವಿಷಯದಲ್ಲಿ ಅವರದ್ದು ತಪ್ಪು ಅಂತ್ಲೇ ನನ್ನ ಅಭಿಪ್ರಾಯ. 2016ರಲ್ಲಿ ಇದೇ ಎಫ್‌ಎಫ್‌ಎಂಪೆಗ್‌ನಲ್ಲಿ ಇದೇ ಥರದ ಪ್ಲೇಲಿಸ್ಟ್ ಕೊಟ್ಟು ಸರ್ವರಿನ ಒಳಗಿನ ಫೈಲನ್ನೇ ಹೊರಗೆ ಸಾಗಿಸಬಹುದಿತ್ತು. ಈಗಿರೋ ವೈಟ್‌ಲಿಸ್ಟ್ ಒಂದು ಸೆಟ್ಟಿಂಗ್, ನಾಳೆ ಯಾರೋ ಅವಸರದಲ್ಲಿ ಕಮಾಂಡಲ್ಲಿ ಅದನ್ನ ಸಡಿಲ ಮಾಡಿದ್ರೆ ಮುಗೀತು, ಕಂಪೈಲ್ ಮಾಡುವಾಗಲೇ, ಅಂದ್ರೆ ಸೋರ್ಸ್ ಕೋಡಿಂದ ಪ್ರೋಗ್ರಾಮ್ ಕಟ್ಟುವಾಗಲೇ, ಬಿಟ್ಟಿದ್ದನ್ನ ಮಾತ್ರ ಯಾವ ಸೆಟ್ಟಿಂಗೂ ವಾಪಸ್ ತರಲ್ಲ. ಡೆಬಿಯನ್ ಥರದ ಲಿನಕ್ಸ್ ಹಂಚೋರು ಕಟ್ಟಿಟ್ಟ ಒಂದೇ ರೆಡಿ ಪ್ರೋಗ್ರಾಮನ್ನ ಎಲ್ಲರಿಗೂ ಕೊಡಬೇಕು, ಯಾರಿಗೆ ಏನು ಬೇಕೋ ಅಂತ ಎಲ್ಲ ಸೇರಿಸ್ತಾರೆ, ಅದು ನನಗೆ ಅರ್ಥ ಆಗುತ್ತೆ. ಜೆಂಟೂ ಅನ್ನೋ ಇನ್ನೊಂದು ಲಿನಕ್ಸಲ್ಲಿ ಯೂಸ್ ಫ್ಲಾಗ್ ಅಂತ ಇಟ್ಟು, ಏನು ಸೇರಬೇಕು ಅನ್ನೋ ಆಯ್ಕೆಯನ್ನ ಬಳಸೋರ ಕೈಗೇ ಕೊಡ್ತಾರೆ, ಮನಸ್ಸಿಗೆ ಅದೇ ಸರಿ ಅನ್ಸುತ್ತೆ. ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬೀಟ್ ನೋಡಿ, ಇಂಟರ್ನೆಟ್ ಸಂಪರ್ಕ ಗುಟ್ಟಾಗಿಡೋ ಲೈಬ್ರರಿಯಲ್ಲಿ ಸಂಪರ್ಕ ಇನ್ನೂ ಇದೆಯಾ ಅಂತ ನೋಡೋ ಸೌಲಭ್ಯ ಅದು, ಹೆಚ್ಚಿನೋರಿಗೆ ಬೇಕೇ ಇರಲಿಲ್ಲ, ಆದ್ರೂ ಡೀಫಾಲ್ಟಾಗಿ ಎಷ್ಟೋ ಸರ್ವರಲ್ಲಿ ಇತ್ತು, 2014ರಲ್ಲಿ ಅದರ ದೋಷ ಹಾರ್ಟ್‌ಬ್ಲೀಡ್ ಹೊರಗೆ ಬಂದಾಗ ಒಂದೊಂದು ಸಲಕ್ಕೆ 64 ಕೆಬಿವರೆಗೆ ಮೆಮೊರಿ ಸೋರ್ತಿತ್ತು. ಅಪ್‌ಗ್ರೇಡ್ ಮಾಡೋಕಾಗದವರಿಗೆ ಅವತ್ತು ಹೇಳಿದ್ದು ಇದನ್ನೇ, ಹಾರ್ಟ್‌ಬೀಟ್ ಬಿಟ್ಟು ಮತ್ತೆ ಕಂಪೈಲ್ ಮಾಡ್ಕೊಳ್ಳಿ ಅಂತ.

ಬೇಡದ್ದೆಲ್ಲ ಬಿಟ್ಟು ನಾನೇ ಬಿಲ್ಡ್ ಮಾಡ್ತೀನಿ ಅಂತ ಸೀನಿಯರ್‌ಗೆ ಹೇಳ್ದೆ. "ನೀನೇ ಬಿಲ್ಡ್ ಮಾಡಿದ್ರೆ ಅಪ್‌ಡೇಟ್ ಯಾರು ನೋಡ್ತಾರೆ?" ಅಂದ್ರು. ಅದು ಸರಿಯಾದ ಪ್ರಶ್ನೆ, ಇನ್ನು ಪ್ಯಾಕೇಜ್ ಹೊಸದು ಮಾಡೋ ಆಪ್ಟ್ ನೋಡ್ಕೊಳಲ್ಲ, ಸೆಕ್ಯುರಿಟಿ ಪ್ಯಾಚ್ ಬಂದಾಗೆಲ್ಲ ನಾನೇ ಬಿಲ್ಡ್ ಮಾಡ್ಬೇಕು. ಮಾಡ್ತೀನಿ ಅಂದೆ.

ಗುರುವಾರ ಸಂಜೆ ಕೂತೆ. ಮೊದಲು ಡಿಸೇಬಲ್ ಎವೆರಿಥಿಂಗ್, ಡಿಸೇಬಲ್ ನೆಟ್‌ವರ್ಕ್, ಆಮೇಲೆ ಒಂದೊಂದೇ ವಾಪಸ್, ಎಂಪಿ4 ಫೈಲ್ ಬಿಚ್ಚೋ ಡಿಮಕ್ಸರ್, ಎಚ್264 ವಿಡಿಯೋ ಓದೋ ಡಿಕೋಡರ್, ಫೈಲ್ ಪ್ರೋಟೋಕಾಲ್, ಜೆಪೆಗ್ ಬರೆಯೋಕೆ ಎಂಕೋಡರ್. ಚಿತ್ರ ಚಿಕ್ಕದು ಮಾಡೋ ಸ್ಕೇಲ್ ಫಿಲ್ಟರ್ ಬಿಟ್ಟುಹೋಗಿತ್ತು, ಅದನ್ನೂ ಹಾಕಿ ಮತ್ತೆ ಬಿಲ್ಡ್ ಮಾಡ್ದೆ, ನಡುವೆ ಎರಡು ಸಲ ಕರೆಂಟ್ ಹೋಯ್ತು. ಕೊನೆಗೆ ಅದೇ ಫೈಲ್ ಕೊಟ್ಟೆ. ವೈಟ್‌ಲಿಸ್ಟ್ ಸುದ್ದೀನೇ ಇಲ್ಲ, ಇನ್‌ವ್ಯಾಲಿಡ್ ಡೇಟಾ ಅಂತ ಒಂದೇ ಸಾಲು. ಅದು ಪ್ಲೇಲಿಸ್ಟ್ ಅಂತ್ಲೇ ಈಗ ಅದಕ್ಕೆ ಗೊತ್ತಾಗಲ್ಲ. ಅವತ್ತು ನಿದ್ದೆ ಬಂತು.

ನಿನ್ನೆ ಹೊಸನಗರದ ಒಬ್ಬರ ವಿಡಿಯೋಗೆ ಚಿತ್ರ ಬರಲಿಲ್ಲ, ಫೋನ್ ಮಾಡಿ, "ಎಂತ ಆಯ್ತು ತಮ್ಮ, ಗೊನೆ ಕಾಣ್ತಾ ಇಲ್ವಲ್ಲ" ಅಂದ್ರು. ಹೊಸ ಫೋನು, ವಿಡಿಯೋ ಎಚ್265 ಅನ್ನೋ ಬೇರೆ ರೂಪದಲ್ಲಿತ್ತು. ಆ ಡಿಕೋಡರ್ ಸೇರಿಸಿದೆ, ಇಪ್ಪತ್ತು ನಿಮಿಷ ಬಿಟ್ಟು ನಾನೇ ಫೋನ್ ಮಾಡಿ ಹೇಳ್ದೆ, ಕಾಣ್ತಿದೆ ಅಣ್ಣ, ಕೊಳೆನೇ ಅದು.