ಮಗಳ ಫೋನಿನಲ್ಲಿ ಅಪ್ಪನ ವಯಸ್ಸು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದರೆ ಕುಮಟಾದ ನನ್ನ ಮೊಬೈಲ್ ಅಂಗಡಿಯಲ್ಲಿ ರಶ್ಶೋ ರಶ್ಶು. ತದಡಿ, ಮಿರ್ಜಾನ್, ಗೋಕರ್ಣ ಕಡೆಯಿಂದ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಫೋನ್ ಆರಿಸಿ, ಸ್ಕ್ರೀನ್‌ಗಾರ್ಡ್ ಹಾಕಿಸಿ, ಆನ್ ಮಾಡಿದರೆ ಅದು ಜಿಮೇಲ್ ಕೇಳುತ್ತದೆ. ಆಗ ಹೆಚ್ಚಿನವರು ಹೇಳುವುದು ಇದೇ: "ನಂದೇ ಹಾಕ್ಬಿಡು ತಮಾ, ಅವ್ಳಿಗೆ ಬೇರೆ ಯಾಕೆ?"

ದಯವಿಟ್ಟು ಹಾಗೆ ಮಾಡಬೇಡಿ. ಅಪ್ಪನ ಅಕೌಂಟ್ ಹಾಕಿದ ಕೂಡಲೇ ಆ ಫೋನಿನ ಲೆಕ್ಕದಲ್ಲಿ ನಿಮ್ಮ ಮಗಳು ನಲವತ್ತೈದು ವರ್ಷದ ಗಂಡಸು. ದೊಡ್ಡವರಿಗೆ ಮಾತ್ರ ಎಂದು ಯೂಟ್ಯೂಬ್ ತಡೆದಿಟ್ಟ ವಿಡಿಯೊ ಅವಳಿಗೆ ತೆರೆದುಕೊಳ್ಳುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹುಟ್ಟಿದ ವರ್ಷ ಸರಿಯಾಗಿ ಕೊಟ್ಟರೆ 18 ತುಂಬದವರ ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಲು ಬರುವುದಿಲ್ಲ. 16 ತುಂಬದವರು ಇದನ್ನು ಸಡಿಲ ಮಾಡಬೇಕೆಂದರೆ ಅಪ್ಪ-ಅಮ್ಮ ಒಪ್ಪಬೇಕು. ಸುಳ್ಳು ವರ್ಷ ಹಾಕಿದರೆ ಇದ್ಯಾವುದೂ ಸಿಗುವುದಿಲ್ಲ. ಮಗಳಿಗೆ ಅವಳದೇ ಅಕೌಂಟ್ ಮಾಡಿ, ನಿಮ್ಮ ಫೋನಿನಲ್ಲಿ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿಕೊಳ್ಳಿ. ಯಾವ ಆ್ಯಪ್ ಬೇಕು, ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಲಾಕ್ ಆಗಬೇಕು, ಎಲ್ಲ ಅಲ್ಲಿಂದಲೇ ನೋಡಬಹುದು.

ಕಾನೂನಿಗೂ ಇದೇ ತೊಡಕು. 2023ರ ನಮ್ಮ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಅವರು ಏನೇನು ನೋಡುತ್ತಾರೆಂದು ಬೆನ್ನು ಹತ್ತಿ, ಅದಕ್ಕೆ ತಕ್ಕ ಜಾಹೀರಾತು ತೋರಿಸುವಂತಿಲ್ಲ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಕಂಪನಿಗಳಿಗೆ ತಯಾರಾಗಲು 18 ತಿಂಗಳು ಕೊಟ್ಟಿದ್ದಾರೆ. ಒಳ್ಳೆಯ ಕಾಯ್ದೆ. ಆದರೆ ಫೋನಿನಲ್ಲಿ ಮಗುವೇ ಇಲ್ಲದಿದ್ದರೆ ಅದು ಯಾರನ್ನು ಕಾಯಬೇಕು?

ಹಾಗಂತ ಎಲ್ಲ ಭಾರವನ್ನೂ ಮನೆಯವರ ಮೇಲೆ ಹಾಕುವುದು ನ್ಯಾಯವಲ್ಲ. ಬೋಟಿಗೆ ಹೋದ ಅಪ್ಪ ಮನೆಗೆ ಬರುವುದೇ ಎರಡು ಮೂರು ದಿನಕ್ಕೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರು ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳಲ್ಲಿ ಅಕೌಂಟ್ ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಅದು ಕಂಪನಿಗೆ ಮಾತ್ರ, ಮಕ್ಕಳಿಗೂ ಇಲ್ಲ, ಹೆತ್ತವರಿಗೂ ಇಲ್ಲ. ನನಗೆ ಇದು ಸರಿ ಅನಿಸುತ್ತದೆ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಅಂಗಡಿಗೆ ಬಂದು "ಫೋನ್ ಪೂರ್ತಿ ರೀಸೆಟ್ ಮಾಡಿ ಅಣ್ಣಾ" ಅಂದ. ಕೈ ನಡುಗುತ್ತಿತ್ತು. ಯಾರೋ ವಿಡಿಯೊ ಕಾಲ್‌ನಲ್ಲಿ ಅವನ ಬತ್ತಲೆ ಫೋಟೊ ತೆಗೆದುಕೊಂಡು, ದುಡ್ಡು ಕಳಿಸದಿದ್ದರೆ ಎಲ್ಲರಿಗೂ ಕಳಿಸುತ್ತೇನೆ ಎಂದು ಹೆದರಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ರೀಸೆಟ್ ಮಾಡಲೇಬಾರದು, ಸಾಕ್ಷಿಯೆಲ್ಲ ಹೋಗುತ್ತದೆ. ಬೆದರಿಸಿದ ಮೆಸೇಜು, ಅಕೌಂಟಿನ ಹೆಸರು, ನಂಬರು, ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದುಡ್ಡು ಕಳಿಸಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಹುಡುಗನಿಗೆ ಬೈಯಲೂ ಬೇಡಿ, ಅಪರಾಧ ಅವನದಲ್ಲ.

18 ತುಂಬುವ ಮೊದಲು ತೆಗೆದ ಅಂಥ ಫೋಟೊ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರಿಂದ ಮಾಡಿದ ಒಂದು ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಸೇವೆಗೆ ಸೇರಿದ ಕಂಪನಿಗಳು ಅದನ್ನು ಹಿಡಿದು ಆ ಫೋಟೊ ಹುಡುಕಿ ತೆಗೆಯುತ್ತವೆ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098. ಇಂಥ ಫೋಟೊ, ವಿಡಿಯೊಗಳ ಬಗ್ಗೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲಿನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.