ದಿಸ್ ಸರಿಯಿತ್ತು, ಫಂಕ್ಷನ್ ಬೇರೆಯಾಗಿತ್ತು

ಜಾವಾಸ್ಕ್ರಿಪ್ಟಿನಲ್ಲಿ ದಿಸ್ ಎಂದರೆ ಫಂಕ್ಷನ್ ಯಾವ ಆಬ್ಜೆಕ್ಟಿನ ಪರವಾಗಿ ಓಡುತ್ತಿದೆಯೋ ಆ ಆಬ್ಜೆಕ್ಟ್; ಅದನ್ನು ಫಂಕ್ಷನ್ನಿಗೆ ಕಟ್ಟಿಹಾಕುವುದು ಬೈಂಡ್. ನಮ್ಮ ಬಿಲ್ಲಿಂಗ್ ತಂಡದ ಮೂಲ ಫಾರ್ಮ್ ಕ್ಲಾಸಿನ ಕನ್‌ಸ್ಟ್ರಕ್ಟರಿನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಸಾಲುಗಟ್ಟಿ ನಿಂತಿದ್ದ ಬೈಂಡ್ ಕರೆಗಳನ್ನು ಅಳಿಸಿ, ಸಲ್ಲಿಕೆಯಂಥ ಘಟನೆಗಳಿಗೆ ಓಡುವ ಹ್ಯಾಂಡ್ಲರುಗಳನ್ನೆಲ್ಲ ಕ್ಲಾಸ್ ಫೀಲ್ಡಿನಲ್ಲಿ ಆರೋ ಫಂಕ್ಷನ್‌ಗಳಾಗಿ ಬರೆದವಳು ನಾನೇ. ಇದನ್ನು ಎಕ್ಸ್‌ಟೆಂಡ್ ಮಾಡಿರುವ ಸಬ್‌ಕ್ಲಾಸುಗಳು ಏನಾಗುತ್ತವೆ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ರಿವ್ಯೂನಲ್ಲಿ ಕೇಳಿದ್ದರು. ಆರೋ ಫಂಕ್ಷನ್ನಿನ ದಿಸ್ ಲೆಕ್ಸಿಕಲ್, ಅಂದರೆ ಅದನ್ನು ಬರೆದ ಜಾಗದಿಂದಲೇ ನಿರ್ಧಾರವಾಗುವಂಥದ್ದು, ಆದ್ದರಿಂದ ಎಲ್ಲಿಯೂ ತಪ್ಪುವುದಿಲ್ಲ ಎಂದು ಉತ್ತರಿಸಿ ಮರ್ಜ್ ಮಾಡಿದೆ.

ರಿಲೀಸ್ ಆದ ಸಂಜೆಯೇ, ಜಿಎಸ್‌ಟಿ ಸಂಖ್ಯೆಯ ಪರಿಶೀಲನೆ ಇಲ್ಲದೆ ಇನ್‌ವಾಯ್ಸ್‌ಗಳು ಸಲ್ಲಿಕೆಯಾಗುತ್ತಿವೆ ಎಂದು ಸಪೋರ್ಟಿನವರು ಕರೆ ಮಾಡಿದರು. ಕನ್ಸೋಲಿನಲ್ಲಿ ಒಂದೂ ಎರರ್ ಇರಲಿಲ್ಲ. ಹ್ಯಾಂಡ್ಲರಿನೊಳಗೆ ದಿಸ್ ಅನ್ನು ಲಾಗ್ ಮಾಡಿದೆ. ಸಬ್‌ಕ್ಲಾಸಿನ ಇನ್‌ಸ್ಟನ್ಸೇ (ಆ ಕ್ಲಾಸಿನಿಂದ ಹುಟ್ಟಿದ ಆಬ್ಜೆಕ್ಟೇ) ಬಂತು. ಹಾಗಾದರೆ ಕೋಡ್ ಸರಿಯಿದೆ ಎಂದು ತೀರ್ಮಾನಿಸಿ, ಹಳೆಯ ಬಂಡಲ್ (ಹಿಂದಿನ ಕೋಡಿನ ಕಡತ) ಬ್ರೌಸರಿನ ಕ್ಯಾಶಿನಲ್ಲಿ ಉಳಿದಿರಬೇಕೆಂಬ ಗುಮಾನಿಯಲ್ಲಿ 40 ನಿಮಿಷ ಕಳೆದೆ. ಮೂಲ ಕಾರಣ ಟಿಕೆಟ್ಟಿಗೆ ಬರುವ ತನಕ ರೋಲ್‌ಬ್ಯಾಕ್ (ಹಿಂದಿನ ಆವೃತ್ತಿಗೆ ಮರಳುವುದು) ಇಲ್ಲವೆಂಬ ನಮ್ಮ ನಿಯಮದಿಂದಾಗಿ ಅಷ್ಟೂ ಹೊತ್ತು ತಪ್ಪು ಇನ್‌ವಾಯ್ಸ್‌ಗಳು ಹೋಗುತ್ತಲೇ ಇದ್ದವು. ಆ ನಿಯಮವನ್ನು ನಾನು ಇಂದಿಗೂ ಒಪ್ಪುವುದಿಲ್ಲ.

ಕೊನೆಗೆ, ಹ್ಯಾಂಡ್ಲರ್ ಇನ್‌ಸ್ಟನ್ಸಿನ ಸ್ವಂತದ್ದೇ ಎಂದು ತಿಳಿಸುವ ಹ್ಯಾಸ್‌ಓನ್‌ಪ್ರಾಪರ್ಟಿ ಕರೆದು ನೋಡಿದಾಗ ಟ್ರೂ ಎಂದು ಬಂತು. ಜಿಎಸ್‌ಟಿ ಪರಿಶೀಲಿಸುವ ಸಬ್‌ಕ್ಲಾಸಿನ ಮೆಥಡ್ ಪ್ರೊಟೊಟೈಪಿನ ಮೇಲಿತ್ತು; ಇನ್‌ಸ್ಟನ್ಸಿನಲ್ಲಿ ಹೆಸರು ಸಿಗದಾಗ ಮಾತ್ರ ಹುಡುಕುವ ಆಬ್ಜೆಕ್ಟ್ ಅದು. ನನ್ನ ಆರೋ ಫಂಕ್ಷನ್ ಇನ್‌ಸ್ಟನ್ಸಿನ ಮೇಲೆಯೇ ಕುಳಿತು ಅದನ್ನು ಮರೆಮಾಡಿತ್ತು. ಹಿಂದಿನ ಬೈಂಡ್ ಸಾಲು ಹೆಸರನ್ನು ಪ್ರೊಟೊಟೈಪ್ ಸರಪಳಿಯಲ್ಲಿ ಹುಡುಕುತ್ತಿದ್ದುದರಿಂದ ಸಬ್‌ಕ್ಲಾಸಿನ ಮೆಥಡ್ಡೇ ಸಿಗುತ್ತಿತ್ತು. 2015ರಲ್ಲಿ ಬಂದ ಆರೋ ಫಂಕ್ಷನ್ನನ್ನೂ 2022ರಲ್ಲಿ ಮಾನಕಕ್ಕೆ ಸೇರಿದ ಕ್ಲಾಸ್ ಫೀಲ್ಡನ್ನೂ ನಾನು ಒಂದೇ ಸೌಲಭ್ಯವೆಂಬಂತೆ ಕಂಡಿದ್ದೆ. ದಿಸ್ ಯಾವುದೆಂಬುದನ್ನು ಲೆಕ್ಸಿಕಲ್ ಸ್ಕೋಪ್ ನಿರ್ಧರಿಸುತ್ತದೆ; ಯಾರ ಫಂಕ್ಷನ್ ಓಡಬೇಕೆಂಬುದು ಅದರ ಕೈಯಲ್ಲಿಲ್ಲ.

ಗಡಿಬಿಡಿಯಲ್ಲಿ ಸಬ್‌ಕ್ಲಾಸಿನ ಮೆಥಡ್ಡನ್ನೂ ಆರೋ ಫೀಲ್ಡಾಗಿ ಮಾಡಿದೆ, ಅದೂ ಓಡಲಿಲ್ಲ. ಸಬ್‌ಕ್ಲಾಸಿನ ಫೀಲ್ಡುಗಳು ಹುಟ್ಟುವುದು ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಓಡಿಸುವ ಸೂಪರ್ ಕರೆ ಮುಗಿದ ಮೇಲೆ, ಆದರೆ ಆ ಕನ್‌ಸ್ಟ್ರಕ್ಟರ್ ಅಷ್ಟರೊಳಗೆ ತನ್ನದೇ ಫಂಕ್ಷನ್ನನ್ನು ಲಿಸನರ್ (ಘಟನೆ ನಡೆದಾಗ ಬ್ರೌಸರ್ ಕರೆಯುವ ಫಂಕ್ಷನ್) ಆಗಿ ನೋಂದಾಯಿಸಿರುತ್ತದೆ. ಟೈಪ್ ಪರಿಶೀಲನೆಯಿರುವ ಟೈಪ್‌ಸ್ಕ್ರಿಪ್ಟ್ ಆಗಿದ್ದರೆ ಫೀಲ್ಡಿನ ಜಾಗದಲ್ಲಿ ಮೆಥಡ್ ಬರೆದದ್ದಕ್ಕೆ ಕಂಪೈಲ್ ಹಂತದಲ್ಲೇ ತಡೆಯುತ್ತಿತ್ತು. ವಲಸೆಗೆ ಸಮಯ ಕೊಡಿ ಎಂದು ನಾವು ಕೇಳುತ್ತಲೇ ಇದ್ದೇವೆ.

ಈಗ ಹ್ಯಾಂಡ್ಲರುಗಳು ಮತ್ತೆ ಸಾಧಾರಣ ಮೆಥಡ್‌ಗಳಾಗಿವೆ. ಲಿಸನರ್ ನೋಂದಾಯಿಸುವಲ್ಲಿ ಮಾತ್ರ, ದಿಸ್ ಮೂಲಕ ಆ ಮೆಥಡ್ಡನ್ನು ಕರೆಯುವ ಪುಟ್ಟ ಆರೋ ಫಂಕ್ಷನ್ ಇದೆ. ಪ್ರತಿ ಸಲ್ಲಿಕೆಯಲ್ಲೂ ಹೆಸರಿನ ಹುಡುಕಾಟ ಹೊಸದಾಗಿ ನಡೆದು ಸಬ್‌ಕ್ಲಾಸಿನವರೆಗೆ ತಲುಪುತ್ತದೆ. ಮರುದಿನ ಆ ಹಳೆಯ ರಿವ್ಯೂ ತೆರೆದು, ಸಹೋದ್ಯೋಗಿಯ ಪ್ರಶ್ನೆಯ ಕೆಳಗೆ ಇದನ್ನೇ ಉತ್ತರವಾಗಿ ಬರೆದೆ.