ತೆನೆ ಹಬ್ಬ ನಿಮ್ಮದೂ ಹೌದಾ?

ಸೆಪ್ಟೆಂಬರ್ ಬಂತೆಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. "ತೆನೆ ಹಬ್ಬ ನಮ್ಮದಲ್ವಾ? ಕ್ರಿಶ್ಚಿಯನ್ನರು ನೀವ್ಯಾಕೆ ಮಾಡ್ತೀರಿ?" ಈಗೀಗ ನಮ್ಮ ಮಕ್ಕಳೂ ಕೇಳುತ್ತಾರೆ, ಆದರೆ ಅವರ ಪ್ರಶ್ನೆ ಬೇರೆ: "ಬೈಬಲಿನಲ್ಲಿ ಇದು ಎಲ್ಲಿದೆ?" ಎರಡಕ್ಕೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ.

ಮಂಜೇಶ್ವರ, ಕಯ್ಯಾರು, ಬೇಳ ಕಡೆಯ ನಾವು ಮನೆಯಲ್ಲಿ ಕೊಂಕಣಿ ಮಾತಾಡುವ, ಶಾಲೆಯಲ್ಲಿ ಕನ್ನಡ ಕಲಿತ ಕೆಥೋಲಿಕರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ನಮ್ಮ ಈ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಅದು ಎಲ್ಲ ದೇಶದ ಕೆಥೋಲಿಕರಿಗೂ ಇದೆ. ಅದರ ಜೊತೆ ಹೊಸ ತೆನೆ ಸೇರಿಕೊಂಡದ್ದು ನಮ್ಮ ಕರಾವಳಿಯಲ್ಲಿ. ಅದೇ ಮೊಂತಿ ಫೆಸ್ತ್. ನಮ್ಮದೇ ಜಿಲ್ಲೆಯ ರಾಜಪುರಂ ಕಡೆ ತಿರುವಾಂಕೂರಿನಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರಿದ್ದಾರೆ. ಆ ಸಂಪ್ರದಾಯದಲ್ಲಿ ಈ ಹಬ್ಬಕ್ಕೆ ಎಂಟು ದಿನ ನೋಂಬು, ಅಂದರೆ ವ್ರತ, ಹಿಡಿಯುವುದುಂಟು. ನಮ್ಮ ಹಾಗೆ ತೆನೆ ತರುವ ಪದ್ಧತಿ ಅವರದಲ್ಲ.

ಹೌದು, ತೆನೆ ಈ ಊರಿನ ಪದ್ಧತಿ. ಗದ್ದೆ ಮಾಡಿಕೊಂಡಿದ್ದ ನಮ್ಮ ಹಿರಿಯರು ನೆರೆಕರೆಯವರಂತೆ ಮೊದಲ ಬೆಳೆಯನ್ನು ಮನೆ ತುಂಬಿಸಿಕೊಂಡರು. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಮೂಢನಂಬಿಕೆಗೆ ಅಂಟಿಕೊಳ್ಳದ ಸ್ಥಳೀಯ ಆಚಾರಗಳಿಗೆ ಆರಾಧನೆಯಲ್ಲೂ ಜಾಗ ಕೊಡಬಹುದೆಂದು ಜಗತ್ತಿನ ಕೆಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. ನಮ್ಮವರು ಅದಕ್ಕೂ ಬಹಳ ಹಿಂದಿನಿಂದ ಹಾಗೆ ನಡೆದುಕೊಂಡು ಬಂದಿದ್ದಾರೆ.

ಇನ್ನು ಬೈಬಲಿನ ಮಾತು. ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಓದಿ. ರೈತ ಮೊದಲ ಫಸಲನ್ನು ಬುಟ್ಟಿಯಲ್ಲಿ ತಂದು ಯಾಜಕನ ಕೈಗೆ ಕೊಡಬೇಕು. ಸುಮ್ನೆ ಕೊಟ್ಟು ಹೋಗುವ ಹಾಗಿಲ್ಲ. ತನ್ನ ಹಿರಿಯರು ನೆಲೆಯಿಲ್ಲದೆ ಅಲೆದದ್ದು, ಈಜಿಪ್ಟಿನಲ್ಲಿ ಪರದೇಶಿಗಳಾಗಿ ಬಿಟ್ಟಿ ದುಡಿದದ್ದು, ದೇವರು ಬಿಡಿಸಿದ್ದು, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಆಮೇಲೆ ಊರಿನಲ್ಲಿರುವ ಪರದೇಶಿಯ ಜೊತೆ ಸೇರಿ ಸಂತೋಷಪಡಬೇಕು. ಯಾಜಕಕಾಂಡ 23 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಗದ್ದೆಯ ಅಂಚಿನ ಪೈರು ಕೊಯ್ಯಬೇಡಿ, ಅದು ಬಡವರಿಗೂ ಪರದೇಶಿಗಳಿಗೂ ಇರಲಿ.

ಹಾಗಾದರೆ ಮರಿಯಮ್ಮ ಎಲ್ಲಿ ಬಂದರು? ಅವರು ಹುಟ್ಟಿದ ಕಥೆ ಬೈಬಲಿನಲ್ಲಿಲ್ಲ. ತಂದೆತಾಯಿಯ ಹೆಸರುಗಳೂ ಎರಡನೇ ಶತಮಾನದ, ಬೈಬಲಿಗೆ ಸೇರದ ಒಂದು ಬರಹದಿಂದ ಬಂದವು. ಆ ದಿನದ ಪೂಜೆಯಲ್ಲಿ ಓದುವುದು ಮತ್ತಾಯನ ಮೊದಲ ಅಧ್ಯಾಯ, ಅಂದರೆ ಯೇಸುವಿನ ವಂಶಾವಳಿ. ಇಂಥವನಿಗೆ ಇಂಥವನು ಹುಟ್ಟಿದ ಎಂಬ ಆ ಉದ್ದ ಪಟ್ಟಿ ಬಂದಾಗ ಜನ ಆಕಳಿಸುತ್ತಾರೆ. ನನಗೆ ಮಾತ್ರ ಅದೇ ಹಬ್ಬದ ಹೃದಯ. ಯಾಕೆಂದರೆ ಅದರ ನಡುವೆ ರೂತಳ ಹೆಸರಿದೆ. ಮೋವಾಬಿನ ಹೆಣ್ಣು, ವಿಧವೆ, ಪರದೇಶಿ. ಬೇರೆಯವರ ಹೊಲದಲ್ಲಿ ಕೊಯ್ಲುಗಾರರ ಹಿಂದೆ ಹೋಗಿ, ಬಿಟ್ಟ ತೆನೆ ಆಯ್ದು ಅತ್ತೆಯ ಹೊಟ್ಟೆ ತುಂಬಿಸಿದವಳು. ಅವಳ ಮರಿಮಗ ದಾವೀದ. ಅದೇ ವಂಶದಲ್ಲಿ ಯೇಸು. ಆ ಹೊಲದ ಒಡೆಯ ಬೋವಜನ ಕಡೆಯವರು ಅವತ್ತು ಅವಳನ್ನು ಓಡಿಸಿದ್ದರೆ? ಕೈಯಲ್ಲಿ ತೆನೆ ಹಿಡಿದುಕೊಂಡು ಆ ಹೆಸರು ಕೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ಚರ್ಚಿನಲ್ಲಿ ಎಲ್ಲ ಮನೆಗಳಿಗೂ ತೆನೆ ಕೊಡುವುದನ್ನು ನಾನು ಹೀಗೇ ಅರ್ಥ ಮಾಡಿಕೊಳ್ಳುತ್ತೇನೆ. ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ಬೆಳಿಗ್ಗೆ ಪಾದ್ರಿಗಳು ತೆನೆಯ ಕಟ್ಟನ್ನು ಆಶೀರ್ವದಿಸುತ್ತಾರೆ. ಗದ್ದೆ ಇದ್ದವರಿಗೂ ಇಲ್ಲದವರಿಗೂ ಸಿಗುವುದು ಅದೇ ತೆನೆ. ಹಾಸಿಗೆ ಹಿಡಿದವರ ಮನೆಗೆ ಚರ್ಚಿನ ವಾರ್ಡಿನ ಮುಖ್ಯಸ್ಥರಾದ ಗುರ್ಕಾರರು ತಲುಪಿಸುತ್ತಾರೆ. ಮನೆಯಲ್ಲಿ ದೇವರ ಪೀಠದ ಮುಂದೆ ಪ್ರಾರ್ಥನೆ ಆಗುತ್ತದೆ. ಅಮ್ಮ ಉಗುರಿನಿಂದ ಭತ್ತದ ಸಿಪ್ಪೆ ಬಿಡಿಸಿ, ಒಳಗಿನ ಹಸಿ ಅಕ್ಕಿಯನ್ನು ಜಜ್ಜಿ, ತೆಂಗಿನ ಹಾಲು ಬೆಲ್ಲಕ್ಕೆ ಸೇರಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಚಮಚ. ಆಮೇಲೆ ಬಾಳೆ ಎಲೆಯಲ್ಲಿ ಸಸ್ಯಾಹಾರದ ಊಟ. ಹರಿವೆ, ತೊಂಡೆ, ಬೆಂಡೆ, ಹೀರೆ. ದುಬೈಯಲ್ಲೋ ಮುಂಬೈಯಲ್ಲೋ ಇರುವವರಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹಾಕಿ ಕಳಿಸುವ ಮನೆಗಳಿವೆ.

ಈಗ ಕಷ್ಟ ಇರುವುದು ತೆನೆಗೇ. ಏಣೆಲು, ಅಂದರೆ ಮಳೆಗಾಲದ ಭತ್ತ, ಬೆಳೆಯುತ್ತಿದ್ದ ಗದ್ದೆಗಳು ಹೆಚ್ಚಿನವು ಅಡಿಕೆ ತೋಟ ಆಗಿವೆ. ನಮ್ಮ ವಾರ್ಡಿನವರಲ್ಲಿ ಭತ್ತದ ಗದ್ದೆ ಉಳಿದೇ ಇಲ್ಲ. ಹಾಗಾಗಿ ಹಬ್ಬದ ತೆನೆ ಬರುವುದು ನೆರೆಯ ಹಿಂದೂ ಮನೆಯವರ ಗದ್ದೆಯಿಂದ. ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ, ಮೂಲೆಯ ಒಂದು ಪಟ್ಟಿಯನ್ನು ನಮಗೆಂದೇ ಬಿಡುತ್ತಾರೆ. ನಾವು ಪಾಯಸ ಕೊಡಲು ಹೋಗುತ್ತೇವೆ. ಅವರ ಮನೆಯ ಹೊಸಕ್ಕಿ ಊಟಕ್ಕೂ ನಮಗೆ ಕರೆ ಇರುತ್ತದೆ.